ಮಂಗ ಹಲ್ಲು ಬಿಟ್ಟರೆ ನಗು ಅಲ್ಲ, ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ನಮ್ಮ ತೋಟಕ್ಕೆ ಬರುವ ಮಂಗ ಮಕ್ಕಳನ್ನು ಕಂಡರೆ ಹಲ್ಲು ಬಿಟ್ಟು ನಗುತ್ತದೆ. ಮಕ್ಕಳ ಗುರುತು ಹತ್ತಿದೆ ಅಂತಲಾ?

ಗುರುತು ಹತ್ತಿರಬಹುದು. ನಗು ಮಾತ್ರ ಅಲ್ಲ. ಈ ಪ್ರಶ್ನೆಗೆ ಇದು ಎಷ್ಟನೇ ಉತ್ತರವೋ, ಎಣಿಸುವುದನ್ನೇ ಬಿಟ್ಟಿದ್ದೇನೆ.

ಕಳೆದ ಬೇಸಿಗೆ ರಜೆಯಲ್ಲಿ ಶಿರಸಿಯ ನಮ್ಮ ಮನೆ ತುಂಬ ಮಕ್ಕಳು. ರಾತ್ರಿ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಚಿಂಪಾಂಜಿ ಇರುವ ಹಳೇ ಸಿನಿಮಾ ಹಾಕಿದೆವು. ಕೋಟು ತೊಟ್ಟ ಚಿಂಪಾಂಜಿ ಕುರ್ಚಿಯಲ್ಲಿ ಕೂತು ಎರಡೂ ಸಾಲು ಹಲ್ಲು ತೋರಿಸಿತು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಸಿನಿಮಾ ಅಲ್ಲೇ ನಿಲ್ಲಿಸಿದೆ. ಮೇಷ್ಟ್ರ ಚಾಳಿ, ನಿವೃತ್ತಿಯಾದರೂ ಹೋಗಿಲ್ಲ.

‘ತುಟಿ ನೋಡಿ’ ಅಂದೆ. ತುಟಿ ಹಿಂದಕ್ಕೆ ಸೆಳೆದು ವಸಡು ಕಾಣುತ್ತಿತ್ತು. ಕಣ್ಣು ಕ್ಯಾಮೆರಾ ಬಿಟ್ಟು ಪಕ್ಕದಲ್ಲಿ ಯಾರನ್ನೋ ನೋಡುತ್ತಿತ್ತು. ಇದು ಹೆದರಿದವರ ಮುಖ. ಜಾಹೀರಾತು, ಕ್ಯಾಲೆಂಡರುಗಳ ‘ನಗುವ ಚಿಂಪಾಂಜಿ’ ಹೆಚ್ಚಾಗಿ ಇದೇ.

ನಮ್ಮ ಕಡೆಯ ಮಂಗವೂ ಹಾಗೆಯೇ. ಹಲಸಿನ ಮರದಲ್ಲಿ ಮರಿಗಡವ ತಿನ್ನುತ್ತಿರುವಾಗ ದೊಡ್ಡ ಗಡವ ಬಂದರೆ ನೋಡಿ. ಚಿಕ್ಕದು ಹಲ್ಲು ತೋರಿಸಿ, ಬೆನ್ನು ತಿರುಗಿಸಿ, ಜಾಗ ಬಿಡುತ್ತದೆ. ‘ತಪ್ಪಾಯ್ತು ಮಾರಾಯ, ಬಡಿಬೇಡ’ ಅಂದ ಹಾಗೆ. ಕನ್ನಡದಲ್ಲಿ ಇದಕ್ಕೆ ಮಾತೇ ಇದೆಯಲ್ಲ, ಹಲ್ಲು ಗಿಂಜುವುದು! ದೊಡ್ಡವರೆದುರು ಹಲ್ಲು ಗಿಂಜಿ ನಿಂತವನಿಗೆ ಖುಷಿಯಾಗಿದೆ ಎಂದು ಯಾರೂ ಹೇಳುವುದಿಲ್ಲ. ಮಂಗಕ್ಕೆ ಮಾತ್ರ ಯಾಕೆ ಹೇಳುತ್ತೀರಿ?

ನಿಜವಾದ ನಗು ಆಟದಲ್ಲಿ ಸಿಗುತ್ತದೆ. ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲನ್ನು ತುಟಿ ಮುಚ್ಚಿರುತ್ತದೆ. ಚಿಂಪಾಂಜಿಗೆ ಕಚಗುಳಿ ಇಟ್ಟರೆ ಏದುಸಿರು ಬಿಟ್ಟಂತೆ ಸದ್ದು ಮಾಡುತ್ತದೆ. ಉಸಿರು ಎಳೆಯುವಾಗಲೂ ಸದ್ದು, ಬಿಡುವಾಗಲೂ ಸದ್ದು. ನಾವು ಹೆಚ್ಚಾಗಿ ಬಿಡುವಾಗ ಮಾತ್ರ ನಗುತ್ತೇವೆ. ನಮ್ಮ ಮುಗುಳ್ನಗೆ ಮಾತ್ರ ಆ ಹಲ್ಲು ಗಿಂಜುವುದರಿಂದಲೇ ಬಂದಿರಬಹುದು ಎಂದು 1972ರಲ್ಲಿ ಯಾನ್ ವಾನ್ ಹೂಫ್ ಎಂಬ ಡಚ್ ವಿಜ್ಞಾನಿ ವಾದಿಸಿದರು. ಹೊಸ ನೆಂಟರ ಮುಂದೆ ನಾವು ನಗುವ ರೀತಿ ನೆನೆದರೆ ಸುಳ್ಳು ಅನಿಸುವುದಿಲ್ಲ.

ಹಾಗಾಗಿ ಮಕ್ಕಳನ್ನು ಇನ್ನೂ ಹತ್ತಿರ ಕಳಿಸಬೇಡಿ. ಹೆದರಿದ ಮಂಗಕ್ಕೆ ದಾರಿ ಸಿಗದಿದ್ದರೆ ಕಚ್ಚುತ್ತದೆ. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ, ಬಾಳೆಹಣ್ಣು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಸೆಲ್ಫಿ ತೆಗೆಯುವವರಿಗೂ ಇದೇ ಮಾತು. ದಿಟ್ಟಿಸಿ ನೋಡುವುದು ಮಂಗದ ಲೆಕ್ಕದಲ್ಲಿ ಜಗಳಕ್ಕೆ ಕರೆ.

ಯಾರೂ ಕೇಳದ ಪ್ರಶ್ನೆಯೊಂದು ನನ್ನ ತಲೆಯಲ್ಲಿದೆ. ಸಿನಿಮಾ ಅವಕ್ಕೇ ತೋರಿಸಿದರೆ? 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಂಪಾಂಜಿ, ಅದರ ಹತ್ತಿರದ ನೆಂಟ ಬೊನೊಬೊ, ಒರಾಂಗುಟನ್‌ಗಳಿಗೆ ಪುಟ್ಟ ಸಿನಿಮಾ ತೋರಿಸಿದ್ದರು. ಕಿಂಗ್ ಕಾಂಗ್ ವೇಷದವನು ಒಬ್ಬನಿಗೆ ಹೊಡೆದು, ಅಲ್ಲಿದ್ದ ಎರಡು ಹುಲ್ಲಿನ ರಾಶಿಗಳಲ್ಲಿ ಒಂದರಲ್ಲಿ ಅಡಗುತ್ತಾನೆ. ಪೆಟ್ಟು ತಿಂದವನು ಕೋಲು ತರಲು ಹೋದಾಗ ಅಲ್ಲಿಂದ ಪರಾರಿ. ಕೋಲು ಹಿಡಿದು ಬಂದವನು ಯಾವ ರಾಶಿಗೆ ಹೊಡೆಯುತ್ತಾನೆ? ವೇಷದವನು ಅಲ್ಲಿಲ್ಲ ಎಂದು ಗೊತ್ತಿದ್ದರೂ, ಅವುಗಳ ಕಣ್ಣು ಹೆಚ್ಚಾಗಿ ಮೊದಲೇ ಹೋದದ್ದು ಆತ ತಪ್ಪಾಗಿ ನಂಬಿದ ರಾಶಿಯ ಕಡೆಗೇ. ಇನ್ನೊಬ್ಬರ ತಲೆಯಲ್ಲಿ ಏನಿದೆ ಎಂಬ ಅಂದಾಜು ಅವಕ್ಕೂ ಇದ್ದಂತಿದೆ, ಅಲ್ವಾ?

ತಲೆ ಅಲುಗದಿರಲಿ ಎಂದು ನೋಡುವಷ್ಟೂ ಹೊತ್ತು ಕೊಳವೆಯಲ್ಲಿ ಹಣ್ಣಿನ ರಸ ಕೊಡುತ್ತಿದ್ದರಂತೆ. ನಮ್ಮ ಜಗಲಿಯಲ್ಲೂ ಮುರುಗಲು ಪಾನಕ ಹಂಚಿದ್ದೆವು. ಒಂದು ತಲೆಯೂ ನೆಟ್ಟಗೆ ನಿಲ್ಲಲಿಲ್ಲ.