ಭಾಗ 2 ಹಳೇದನ್ನೇ ಹೆಚ್ಚು ಎತ್ತಿಕೊಂಡಿದೆ ಅಂತ ತಿಳಿಯೋದು ಹೆಂಗ?

ಕಲಬುರಗಿ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆ: "ಭಾಗ 2 ನೋಡಿ ಹೊರಗ ಬಂದ್ರ ಹಳೇ ಸಿನಿಮಾನೇ ಮತ್ತೊಮ್ಮಿ ನೋಡ್ದಂಗ ಆಗ್ತದ. ಎಷ್ಟು ಎತ್ತಿಕೊಂಡ್ರ ಹೆಚ್ಚಾಯ್ತು ಅನ್ನಬೇಕ್ರಿ?"

ಪಾತ್ರ, ಮನೆ, ಹಿನ್ನೆಲೆ ಸಂಗೀತ, ಡೈಲಾಗು ಮರಳಿ ಬಂದರೆ ತಪ್ಪಿಲ್ಲ. ಜನ ಟಿಕೆಟ್ ತೆಗೆಸೋದೇ ಅದಕ್ಕೆ. ನೋಡಬೇಕಾದ್ದು ಎರಡು: ಕಥೆಯ ತೊಡಕು ಯಾವುದು, ಅದನ್ನು ಬಿಡಿಸಿದ್ದು ಹೇಗೆ. ತೊಡಕು ಹಳೆಯದಾಗಿ ಬಿಡಿಸುವ ದಾರಿ ಹೊಸದಾದರೆ ಸಿನಿಮಾ ನಿಲ್ಲುತ್ತದೆ. ಎರಡೂ ಹಳೆಯವಾದರೆ ಎಷ್ಟು ಕೋಟಿ ಸುರಿದರೂ ಅದು ತನ್ನದೇ ರೀಮೇಕು.

'ಆಪ್ತಮಿತ್ರ' (2004) ಮತ್ತು 'ಆಪ್ತರಕ್ಷಕ' (2010) ತಗೊಳ್ಳಿ. ಎರಡಕ್ಕೂ ಪಿ. ವಾಸು ನಿರ್ದೇಶನ, ಗುರುಕಿರಣ್ ಸಂಗೀತ. ಎರಡರಲ್ಲೂ ವಿಷ್ಣುವರ್ಧನ್ ಅವರೇ ಮನೋವೈದ್ಯ, ಅವಿನಾಶ್ ಅವರೇ ಆಚಾರ್ಯ. ಹಿಂದೊಮ್ಮೆ ರಾಜನೊಬ್ಬನ ಕೈಯಲ್ಲಿ ಸತ್ತ ನರ್ತಕಿ ನಾಗವಲ್ಲಿಯೂ ಇದ್ದಾಳೆ. ಸಂಶಯ ಒಬ್ಬಳ ಮೇಲೆ, ತಾನೇ ನಾಗವಲ್ಲಿ ಎಂದುಕೊಳ್ಳುವ ಕಾಯಿಲೆ ಇನ್ನೊಬ್ಬಳಿಗೆ ಎಂಬ ತಿರುವು ಕೂಡ ಮರಳಿ ಬರುತ್ತದೆ. ಇಷ್ಟೇ ಆಗಿದ್ದರೆ ಎತ್ತಿಕೊಂಡದ್ದು ಹೆಚ್ಚಾಯಿತು ಎನ್ನಲೇಬೇಕಿತ್ತು, ಮೊದಲರ್ಧದ ಮಟ್ಟಿಗೆ ಈಗಲೂ ಹಾಗೇ ಅನ್ನಬಹುದು. ಆದರೆ ಮೊದಲ ಚಿತ್ರದ ಕೊನೆಯಲ್ಲಿ ರಾಜ ಎಂದರೆ ಚಿಕಿತ್ಸೆಗಾಗಿ ವೈದ್ಯ ಹಾಕಿದ ವೇಷ. ಎರಡನೆಯದರಲ್ಲಿ ಆ ರಾಜ ಇನ್ನೂ ಬದುಕಿದ್ದಾನೆ. ಹಳೆಯ ಮದ್ದು ಕೆಲಸಕ್ಕೆ ಬಾರದು, ವೈದ್ಯನೇ ಅಪಾಯದೊಳಗೆ ಕಾಲಿಡಬೇಕು. ಎರವಲು ತಂದ ಸಾಮಾನು ಬೇರೆ ಕೆಲಸಕ್ಕೆ ಬಂದದ್ದು ಇಲ್ಲಿ.

'ದೃಶ್ಯ' (2014) ಸರಣಿ ಇನ್ನೂ ಬಿಗಿ. ಮೊದಲ ಭಾಗದಲ್ಲಿ ಕುಟುಂಬವನ್ನು ಉಳಿಸಿದ ಗುಟ್ಟೇ 2021ರ ಭಾಗ 2ರಲ್ಲಿ ಅದರ ಕೊರಳಿಗೆ ಸುತ್ತಿಕೊಳ್ಳುತ್ತದೆ. 'ಮುಂಗಾರು ಮಳೆ 2' (2016) ಇದಕ್ಕೆ ಪೂರಾ ಉಲ್ಟಾ: ಹೆಸರು, ಗಣೇಶ್, ಮಳೆ ಬಿಟ್ಟರೆ ಕಥೆಯೇ ಬೇರೆ. ಇನ್ನು 'ಕೆ.ಜಿ.ಎಫ್' (2018, 2022) ಒಂದೇ ಕಥೆಯನ್ನು ಎರಡಾಗಿ ಕತ್ತರಿಸಿದ್ದು. ಅಲ್ಲಿ ಎರವಲಿನ ಪ್ರಶ್ನೆ ಏಳುವುದಿಲ್ಲ, ಕತ್ತರಿಸಿದ ಜಾಗ ಸರಿ ಇತ್ತೇ ಎಂದು ಬೇಕಾದರೆ ಕೇಳಬಹುದು.

ಮನೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ಭಾಗ 1ರ ಕಥೆಯನ್ನು ಐದಾರು ವಾಕ್ಯದಲ್ಲಿ ಬರೆದು ಹೆಸರುಗಳನ್ನೆಲ್ಲ ಹೊಡೆದುಹಾಕಿ. ಭಾಗ 2ಕ್ಕೂ ಹಾಗೇ ಮಾಡಿ. ಶುರುವಿನ ವಾಕ್ಯ ತಾಳೆಯಾದರೆ ಪರವಾಗಿಲ್ಲ. ಇಂಟರ್‌ವಲ್ ಮತ್ತು ಕ್ಲೈಮ್ಯಾಕ್ಸ್ ವಾಕ್ಯಗಳೆರಡೂ ತಾಳೆಯಾದರೆ ನಿಮ್ಮ ಅನುಮಾನ ಖರೇ. ಆಮೇಲೆ ಭಾಗ 1 ನೋಡದವರೊಬ್ಬರನ್ನು ಕೇಳಿ: ಚಪ್ಪಾಳೆ ಬಿದ್ದ ಸೀನು ಅವರಿಗೂ ಹಿಡಿಸಿತೇ? ಇಲ್ಲವೆಂದರೆ ಆ ಸೀನು ನಿಂತಿದ್ದು ಹಳೆಯ ನೆನಪಿನ ಮೇಲೆ.

ಕೆಡುವುದು ಸಾಮಾನ್ಯವಾಗಿ ಮೊದಲ ಹದಿನೈದು ನಿಮಿಷದಲ್ಲೇ. ಭಾಗ 1ರ ಕೊನೆಗೆ ನಾಯಕ ಗೆದ್ದಾಗಿದೆ, ಬರೆಯುವವನ ಕೈಯಲ್ಲಿ ತೊಡಕು ಉಳಿದಿಲ್ಲ. ಹಾಗಾಗಿ ಗೆದ್ದದ್ದನ್ನೆಲ್ಲ ಒರೆಸಿಬಿಡುತ್ತಾನೆ: ಹೆಂಡತಿಯನ್ನು ಸಾಯಿಸು, ಕೆಲಸ ಕಸಿದುಕೋ, ಮೊದಲಿನದಕ್ಕಿಂತ ದಪ್ಪನೆಯ ವಿಲನ್ ತಂದು ನಿಲ್ಲಿಸು. ಅಲ್ಲಿಂದ ಬಂಡಿ ಹಳೆಯ ದಾರಿಯಲ್ಲೇ ಉರುಳುತ್ತದೆ. ನಡುವೆ ಬರುವ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹಳೆಯ ಶಾಟ್‌ಗಳೇ ತುಂಬಿದ್ದರೆ ಬರವಣಿಗೆ ಸೊರಗಿದೆ ಎಂದೇ ಲೆಕ್ಕ.

ಬೀದರ್, ಯಾದಗಿರಿ ಕಡೆ ತೆಲುಗು ಸಿನಿಮಾವೂ ಅಷ್ಟೇ ಓಡುವುದರಿಂದ ಇನ್ನೊಂದು ಗೊಂದಲವಿದೆ. 2010ರ ತೆಲುಗು 'ನಾಗವಲ್ಲಿ' ನೋಡಿ ಕಾಪಿ ಎನ್ನುವವರಿದ್ದಾರೆ. ಅದು ಕದ್ದದ್ದಲ್ಲ, ವಾಸು ಅವರೇ ವೆಂಕಟೇಶ್ ಜತೆ ಮಾಡಿದ 'ಆಪ್ತರಕ್ಷಕ'ದ ರೀಮೇಕು. ತೆಲುಗಿನವರಿಗೆ ಅದರ ಭಾಗ 1 ಎಂದರೆ ತಮಿಳಿನಿಂದ ಡಬ್ ಆಗಿ ಬಂದ 'ಚಂದ್ರಮುಖಿ' (2005). 'ಆಪ್ತಮಿತ್ರ'ವೂ 'ಚಂದ್ರಮುಖಿ'ಯೂ ಹುಟ್ಟಿದ್ದು 1993ರ ಮಲಯಾಳಂ 'ಮಣಿಚಿತ್ರತ್ತಾಳ್'ನಿಂದ. ಹಾಗಾಗಿ 'ನಾಗವಲ್ಲಿ'ಯನ್ನು ತೂಗುವಾಗ ಪಕ್ಕದಲ್ಲಿಡಬೇಕಾದ್ದು 'ಚಂದ್ರಮುಖಿ', 'ಆಪ್ತರಕ್ಷಕ' ಅಲ್ಲ.