ಕಪ್ಪಗಿದ್ರೆ ಜಪಾನಿಕಮ್ಮಾ? ಟ್ರೈಕೋಗ್ರಾಮಾ ಗುರುತಿಸೋದು ಹೇಗೆ

ಪ್ರಶ್ನೆ: ಸರ್, ಕಬ್ಬಿಗೆ ಅಂತ ತಂದ ಟ್ರೈಕೋಕಾರ್ಡಿಂದ (ಟ್ರೈಕೋಗ್ರಾಮಾ ಹೊಕ್ಕ ಪತಂಗದ ಮೊಟ್ಟೆ ಅಂಟಿಸಿದ ಕಾರ್ಡ್) ಕಪ್ಪು ಕಣಜ ಬಂದಿವೆ. ಕಬ್ಬಿಗೆ ಬಿಡೋ ಕಿಲೋನಿಸ್ ಪ್ರಭೇದ ಹಳದಿ ಅಂತಾರಲ್ಲ, ಭತ್ತಕ್ಕೆ ಬಿಡೋ ಜಪಾನಿಕಮ್ ಪ್ರಭೇದ ಕೊಟ್ಟು ಏಮಾರಿಸಿದ್ರಾ? ಫೋಟೋ ಹಾಕಿದೀನಿ.

ಫೋಟೋ ನೋಡಿ ಹೇಳಕ್ಕಾಗಲ್ಲ ಮಾರಾಯ್ರೆ, ಎಷ್ಟು ಸಲ ಹೇಳೋದು! ಟ್ರೈಕೋಗ್ರಾಮಾ ಅಂದ್ರೆ ಬೇರೆ ಕೀಟಗಳ ಮೊಟ್ಟೆಯೊಳಗೆ ಬೆಳೆಯೋ ಕಣಜ, ಅರ್ಧ ಮಿಲಿಮೀಟರ್ ಆಸುಪಾಸಿನ ಹುಳ ಅದು.

ಬಣ್ಣ ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ಜಪಾನಿಕಮ್ ಕಪ್ಪಗಿರುತ್ತೆ ಸರಿ, ಆದ್ರೆ ಕಪ್ಪಗಿರೋದೆಲ್ಲ ಜಪಾನಿಕಮ್ ಅಲ್ಲ. ಟ್ರೈಕೋಗ್ರಾಮಾ ಮೊಟ್ಟೆಯೊಳಗೆ ಬೆಳೀತಿರೋವಾಗ ತಂಪಿದ್ರೆ ಮೈ ಕಪ್ಪಾಗುತ್ತೆ, ಸೆಕೆ ಇದ್ರೆ ಹಳದಿ, ಒಂದೇ ತಾಯಿ ಮಕ್ಕಳಲ್ಲೂ ಹಂಗೇ. ಸೈಜೂ ಅಷ್ಟೇ, ಅಕ್ಕಿ ಪತಂಗದ ಸಣ್ಣ ಮೊಟ್ಟೇಲಿ ಬೆಳೆದಿದ್ದು ಸಣ್ಣ, ದೊಡ್ಡ ಮೊಟ್ಟೇಲಿ ಬೆಳೆದಿದ್ದು ದಪ್ಪ. ಕಾರ್ಡ್ ಮೇಲಿನ ಮೊಟ್ಟೆ ಕಪ್ಪಾಗೋದಂತೂ ಯಾವ ಟ್ರೈಕೋಗ್ರಾಮಾ ಹೊಕ್ಕಿದ್ರೂ ಆಗೋದೇ. ಹೋಗ್ಲಿ, ರೆಕ್ಕೆನಾದ್ರೂ ನಂಬೋಣ್ವಾ ಅಂದ್ರೆ ಸೆಂಬ್ಲಿಡಿಸ್ ಅನ್ನೋ ಪ್ರಭೇದದ ಕಥೆ ಕೇಳಿ: ಪತಂಗದ ಮೊಟ್ಟೆಯಿಂದ ಬಂದ ಗಂಡಿಗೆ ರೆಕ್ಕೆ ಇರುತ್ತೆ, ನೀರ ದಡದಲ್ಲಿ ಮೊಟ್ಟೆ ಇಡೋ ಸಿಯಾಲಿಸ್ ಅನ್ನೋ ಕೀಟದ ಮೊಟ್ಟೆಯಿಂದ ಬಂದ ಗಂಡಿಗೆ ರೆಕ್ಕೇನೇ ಇಲ್ಲ, ಮೀಸೆನೂ ಬೇರೆ ಥರ! ಇಂಗ್ಲೆಂಡಲ್ಲಿ ಸಾಲ್ಟ್ ಅನ್ನೋ ವಿಜ್ಞಾನಿ 1937ರಲ್ಲೇ ಬರೆದಿಟ್ಟಿದಾರೆ. ಇಂಥದ್ದರಲ್ಲಿ ನೀವು ಬಣ್ಣ ನೋಡ್ತಾ ಕೂತಿದೀರ.

ಗಟ್ಟಿ ಗುರುತು ಇರೋದು ಗಂಡಿನ ಜನನಾಂಗದಲ್ಲಿ, ಸ್ಲೈಡ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡ್ಬೇಕು. ಇದನ್ನ ಜಗತ್ತಿಗೆ ಒಪ್ಪಿಸಿದ್ದು ನಮ್ಮ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ, ಅವರ 1971ರ ಪೇಪರನ್ನ ಈಗಲೂ ಜನ ತೆಗೆದು ನೋಡ್ತಾರೆ, ಇದನ್ನ ಮಾತ್ರ ನಾನು ಬೇಜಾರಿಲ್ದೆ ನೂರು ಸಲ ಹೇಳ್ತೀನಿ.

ಡಿಎನ್‌ಎ ಸಾಕಲ್ವಾ ಅಂತೀರ. ಐಟಿಎಸ್-2 ಅನ್ನೋ ಡಿಎನ್‌ಎ ತುಣುಕು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತೆ, ಹೆಣ್ಣು ಹುಳ ಆದ್ರೂ ನಡೆಯುತ್ತೆ. ಆದ್ರೆ ಹೋಲಿಸೋಕೆ ಇಟ್ಟಿರೋ ಸೀಕ್ವೆನ್ಸ್‌ಗೆ ಮೊದಲು ಹೆಸರು ಹಾಕಿದ್ದು ಯಾರು, ಸ್ಲೈಡ್ ನೋಡಿದೋರು ತಾನೇ?

ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಕೆಲವು ತಳೀಲಿ ಗಂಡೇ ಹುಟ್ಟಲ್ಲ. ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಹೊಕ್ಕಿರುತ್ತೆ, ಹೆಣ್ಣು ಕೂಡದೇನೇ ಹೆಣ್ಣು ಮರಿ ಮಾಡುತ್ತೆ. ಅಲ್ಲಿ ಡಿಎನ್‌ಎ ಬೇಕೇ ಬೇಕು, ಇಲ್ಲಾಂದ್ರೆ ಜೇನುತುಪ್ಪದಲ್ಲಿ ಆಂಟಿಬಯಾಟಿಕ್ ಕಲಸಿ ತಿನ್ನಿಸಿದ್ರೆ ಗಂಡು ಹುಟ್ಟೋಕೆ ಶುರುವಾಗುತ್ತೆ, 1990ರಲ್ಲಿ ಮಾಡಿ ತೋರಿಸಿದಾರೆ.

ನಿಮ್ಮ ಕಾರ್ಡಿನದ್ದು ಗೊತ್ತಾಗ್ಲೇಬೇಕು ಅಂದ್ರೆ ಹುಳಗಳನ್ನ ಆಲ್ಕೋಹಾಲಲ್ಲಿ ಹಾಕಿ ಕೀಟಶಾಸ್ತ್ರದೋರಿಗೆ ಕೊಡಿ, ಗಂಡೂ ಇರ್ಲಿ. ಮೀಸೆ ಮೇಲೆ ಉದ್ದುದ್ದ ಕೂದಲಿರೋದೇ ಗಂಡು.