ಎಡ ತಿರುವಿನ ಲೇನ್ ಮತ್ತು ಸಿಗ್ನಲ್ ಜೋಡಣೆ: ಲೆಕ್ಕ ಒಟ್ಟಿಗೇ ಆಗಬೇಕು

ಅಮೆರಿಕದಂಥ ದೇಶಗಳಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಹಾಗಾಗಿ ಎಡಕ್ಕೆ ತಿರುಗುವವರು ಎದುರಿನ ಗಾಡಿಗಳನ್ನು ದಾಟಬೇಕು. ಎಡಬದಿಯಲ್ಲಿ ಓಡುವ ಕಡೆ ಇದನ್ನೇ ಬಲ ತಿರುವು ಅಂತ ಓದಿಕೊಳ್ಳಿ.

ತಿರುಗುವವರು ಕಾಯುವ ಲೇನಿನ ಉದ್ದ ಮತ್ತು ಸಿಗ್ನಲ್ ಸಮಯವನ್ನು ಬೇರೆ ಬೇರೆ ಅಧ್ಯಾಯವಾಗಿ ಓದುತ್ತೇವೆ, ಅಲ್ವಾ? ರಸ್ತೆಯಲ್ಲಿ ಅವು ಬೇರೆಯಲ್ಲ. ಒಂದು ಲೆಕ್ಕ ಮಾಡಿ ನೋಡೋಣ.

ಗಂಟೆಗೆ 180 ಗಾಡಿಗಳು ತಿರುಗುತ್ತವೆ, ಸಿಗ್ನಲ್ ಸುತ್ತು (ಒಂದು ಹಸಿರಿನ ಶುರುವಿನಿಂದ ಮುಂದಿನ ಹಸಿರಿನ ಶುರುವಿನವರೆಗಿನ ಸಮಯ) 80 ಸೆಕೆಂಡ್ ಅಂತಿಟ್ಟುಕೊಳ್ಳಿ. ಗಂಟೆಗೆ 45 ಸುತ್ತು, ಸುತ್ತಿಗೆ ಸರಾಸರಿ 4 ಗಾಡಿ. ಗಾಡಿಗಳು ಒಂದೇ ಸಮನೆ ಬರುವುದಿಲ್ಲವಾದ್ದರಿಂದ ಸರಾಸರಿಯ ಎರಡರಷ್ಟಕ್ಕೆ ಜಾಗ ಬಿಡುವುದು ರೂಢಿ. ಕಾರಿಗೆ 7.5 ಮೀಟರ್ ಹಿಡಿದರೆ 60 ಮೀಟರ್ ಸಾಕು. ಈಗ ನೇರ ಹೋಗುವವರಿಗೆ ಹಸಿರು ಜಾಸ್ತಿ ಸಿಗಲಿ ಅಂತ ಸುತ್ತನ್ನು 120 ಸೆಕೆಂಡಿಗೆ ಏರಿಸಿದರೆ? ಸುತ್ತಿಗೆ 6 ಗಾಡಿ, ಬೇಕಾದ ಜಾಗ 90 ಮೀಟರ್. ಅದೇ ಲೇನ್, ಅಷ್ಟೇ ಗಾಡಿ, ಆದರೂ ಸಾಲು ಹೊರಚಾಚಿ ನೇರ ಹೋಗುವವರಿಗೇ ಅಡ್ಡ ನಿಲ್ಲುತ್ತದೆ!

ಜೋಡಣೆಗೂ, ಅಂದರೆ ಒಂದು ಸಿಗ್ನಲ್ ದಾಟಿದವರಿಗೆ ಮುಂದಿನದರಲ್ಲೂ ಹಸಿರೇ ಸಿಗುವಂತೆ ಸಮಯ ಹೊಂದಿಸುವುದಕ್ಕೂ, ಇದೇ ಸುತ್ತು ಮುಖ್ಯ. ಎರಡು ಸಿಗ್ನಲ್ ನಡುವೆ 600 ಮೀಟರ್, ವೇಗ ಗಂಟೆಗೆ 54 ಕಿ.ಮೀ. ಆದರೆ ತಲುಪಲು 40 ಸೆಕೆಂಡ್ ಬೇಕು. ಅದು 80ರ ಸರಿಯಾಗಿ ಅರ್ಧ, ಹಾಗಾಗಿ ಎರಡು ಸಿಗ್ನಲ್‌ಗಳಲ್ಲಿ ಅರ್ಧ ಸುತ್ತಿನ ಅಂತರದಲ್ಲಿ ಹಸಿರು ಕೊಟ್ಟರೆ ಎರಡೂ ದಿಕ್ಕಿಗೆ ಚೆನ್ನಾಗಿ ಹೊಂದುತ್ತದೆ. 120ಕ್ಕೆ ಏರಿಸಿದರೆ ಆ ಹೊಂದಾಣಿಕೆ ಕೆಡುತ್ತದೆ.

ಸಿಗ್ನಲ್‌ಗಳ ಅಂತರ ಹೀಗೆ ಹೊಂದದ ಕಡೆ, ಎರಡೂ ದಿಕ್ಕಿನ ನೇರ ಹಸಿರು ಬೇರೆ ಬೇರೆ ಹೊತ್ತಿಗೆ ಶುರುವಾಗಲಿ ಅಂತ, ಒಂದು ದಿಕ್ಕಿನ ತಿರುವಿಗೆ ಮೊದಲೂ ಇನ್ನೊಂದಕ್ಕೆ ಕೊನೆಯಲ್ಲೂ ಹಸಿರು ಬಾಣ ಕೊಡುತ್ತಾರೆ. ನನಗೆ ಇಷ್ಟವಾದ ಉಪಾಯ ಇದು. ಆದರೆ ಬಾಣವಿಲ್ಲದ ಹೊತ್ತಲ್ಲೂ ಗ್ಯಾಪ್ ನೋಡಿ ತಿರುಗಲು ಬಿಟ್ಟಿರುವಲ್ಲಿ ಅಪಾಯವಿದೆ. ತನಗೆ ಹಳದಿ ಬಂದಾಗ ಎದುರಿನವರಿಗೂ ಹಳದಿ ಬಂತು ಅಂದುಕೊಂಡು ಚಾಲಕ ನುಗ್ಗುತ್ತಾನೆ, ಅವರಿಗೆ ಇನ್ನೂ ಹಸಿರೇ ಇರುತ್ತದೆ. ಮಿನುಗುವ ಹಳದಿ ಬಾಣವನ್ನು (ಎದುರಿನವರಿಗೆ ದಾರಿ ಬಿಟ್ಟು ತಿರುಗಿ ಎನ್ನುವ ಸೂಚನೆ) ಎದುರಿನ ಹಸಿರಿಗೆ ಜೋಡಿಸಿದರೆ ಈ ಗೊಂದಲ ತಪ್ಪುತ್ತದೆ. ಅಮೆರಿಕದ ಸಿಗ್ನಲ್ ಕೈಪಿಡಿಯ 2009ರ ಆವೃತ್ತಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಸ್ಥಳಕ್ಕೆ ಹೋದಾಗ ಸುಮ್ನೆ ಗಾಡಿ ಎಣಿಸಬೇಡಿ. ಹಸಿರು ಮುಗಿದಾಗ ತಿರುವಿನ ಲೇನಿನಲ್ಲಿ ಎಷ್ಟು ಉಳಿದವು ಅಂತ ಬರೆದುಕೊಳ್ಳಿ. ಸುತ್ತಿನಿಂದ ಸುತ್ತಿಗೆ ಅದು ಬೆಳೆಯುತ್ತಿದ್ದರೆ ತಿರುವಿಗೆ ಕೊಟ್ಟ ಹಸಿರು ಸಾಲದು, ಲೇನ್ ಎಷ್ಟು ಉದ್ದ ಮಾಡಿದರೂ ಪ್ರಯೋಜನವಿಲ್ಲ. ಏನೂ ಉಳಿಯದೆಯೂ ಕೆಂಪಿನಲ್ಲಿ ಸಾಲು ಹೊರಚಾಚುತ್ತಿದ್ದರೆ ಲೇನ್ ಗಿಡ್ಡವಾಗಿದೆ. ಬಾಣ ಉರಿಯುತ್ತಿದ್ದರೂ ಲೇನ್ ಖಾಲಿಯಿದ್ದರೆ ಹಿಂದೆ ತಿರುಗಿ ನೋಡಿ: ನೇರ ಹೋಗುವವರ ಸಾಲು ಲೇನಿನ ಬಾಯಿ ಮುಚ್ಚಿರಬಹುದು.